ಬೆಳೆ ಪರಿಹಾರ: ಅಂಬಾಜಿದುರ್ಗ ಸೀಮೆ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆ

ಬರ, ಅತಿವೃಷ್ಟಿ, ಆಲಿಕಲ್ಲು ಮಳೆಯಿಂದ ಬೆಳೆ ಕಳೆದುಕೊಂಡ ರೈತರಿಗೆ ಸರ್ಕಾರ ಕೊಡುವ ಹಣ ಬೆಳೆ ಪರಿಹಾರ. ಕಡತಗಳಲ್ಲಿ ಇದು ಇನ್‌ಪುಟ್ ಸಬ್ಸಿಡಿ, ಅಂದರೆ ಮುಂದಿನ ಬಿತ್ತನೆಯ ಬೀಜ ಗೊಬ್ಬರಕ್ಕೆ ನೆರವು. ಹೋದ ಬೆಳೆಯ ಬೆಲೆ ಕಟ್ಟಿಕೊಡುವ ಉದ್ದೇಶ ಇದಕ್ಕೆ ಮೊದಲಿನಿಂದಲೂ ಇಲ್ಲ. ಪರಿಹಾರದ ಮೊತ್ತ ಕೇಳಿ ರೈತ ಬೇಸರಪಡುವುದಕ್ಕೂ ಅಧಿಕಾರಿ ನಿಯಮದ ಪುಸ್ತಕ ತೋರಿಸುವುದಕ್ಕೂ ಅರ್ಧ ಕಾರಣ ಇಲ್ಲೇ ಇದೆ. ಉಳಿದರ್ಧ, ನಷ್ಟವನ್ನು ಅಳೆಯುವ ರೀತಿಯಲ್ಲಿದೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಅದರಲ್ಲೂ ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗ ಹೋಬಳಿಯಂಥ ಕಡೆ, ನಿಯಮ ಅಳೆಯುವುದು ಪಹಣಿಯಲ್ಲಿ ಕಾಣುವ ಬೆಳೆಯನ್ನು. ರೈತ ಕಳೆದುಕೊಳ್ಳುವುದು ಬಹುಪಾಲು ಪಹಣಿಗೆ ಕಾಣದ ಕಡೆ.

ಸೀಮೆ

ಅಂಬಾಜಿದುರ್ಗ ಕೋಟೆಯ ಅವಶೇಷಗಳಿರುವ ಒಂದು ಬಂಡೆ ಬೆಟ್ಟ. ಕೈಲಾಸಗಿರಿಯ ಗುಹಾ ದೇಗುಲ ನೋಡಲು ಬರುವವರಿಗೆ ಅದು ಪರಿಚಿತ. ಅದರ ಹೆಸರನ್ನೇ ಹೊತ್ತ ಹೋಬಳಿ ಕಂದಾಯ ಲೆಕ್ಕದ ಒಂದು ಘಟಕ. 2007ರ ಆಗಸ್ಟ್‌ವರೆಗೆ ಈ ಭಾಗವೆಲ್ಲ ಕೋಲಾರ ಜಿಲ್ಲೆಗೆ ಸೇರಿತ್ತು. ಆಮೇಲೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗುಡಿಬಂಡೆ ತಾಲ್ಲೂಕುಗಳನ್ನು ಕೂಡಿಸಿ ಹೊಸ ಜಿಲ್ಲೆ ಮಾಡಿದರು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹೀಗೆ ನದಿಗಳ ಹೆಸರಿಗೇನೂ ಕೊರತೆಯಿಲ್ಲ, ಆದರೆ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆರೆ ನೀರಾವರಿ ಸೊರಗಿದ ಮೇಲೆ ವ್ಯವಸಾಯ ಕೊಳವೆ ಬಾವಿಗೆ ಇಳಿಯಿತು. ಸಾವಿರ ಅಡಿ ದಾಟಿದರೂ ಒಣ ಪುಡಿಯೇ ಮೇಲೆ ಬರುವುದು ಇಲ್ಲಿ ಸುದ್ದಿಯೇ ಅಲ್ಲ.

ಖುಷ್ಕಿಯಲ್ಲಿ ರಾಗಿ, ನೆಲಗಡಲೆ, ಮುಸುಕಿನ ಜೋಳ, ತೊಗರಿ, ಅವರೆ, ಹುರುಳಿ. ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಹಾಕುವುದು ವಿಮಾ ಕಂಪನಿಗಳು ಹುಟ್ಟುವುದಕ್ಕೂ ಮುಂಚಿನ ವಿಮೆ. ಕೊಳವೆ ಬಾವಿ ಇರುವ ಕಡೆ ಟೊಮೆಟೊ, ಆಲೂಗಡ್ಡೆ, ಹೂವು, ದ್ರಾಕ್ಷಿ, ಹಿಪ್ಪುನೇರಳೆ. ಚಿಂತಾಮಣಿಯ ಟೊಮೆಟೊ ಮಾರುಕಟ್ಟೆಯೂ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯೂ ರಾಜ್ಯದಾಚೆಗೂ ಹೆಸರಾಗಿವೆ. ಬರದ ವರ್ಷದಲ್ಲಿ ಮನೆಯನ್ನು ನಿಜವಾಗಿ ತೂಗಿಸುವುದು ಹಾಲಿನ ಡೇರಿ ಮತ್ತು ರೇಷ್ಮೆಗೂಡು. ಸರ್ಕಾರದ ಪರಿಹಾರ ಇವೆರಡರ ಹಿಂದೆ, ತಡವಾಗಿ ಬಂದು ಸೇರುತ್ತದೆ.

ಹಳೆಯ ಕಾಲ

1876–78ರ ಧಾತು ಈಶ್ವರ ಬರದಲ್ಲಿ ಮೈಸೂರು ಸೀಮೆಯ ಜನಸಂಖ್ಯೆಯೇ ಕುಸಿಯಿತು. 1871ರ ಗಣತಿಯಲ್ಲಿ 50 ಲಕ್ಷ ಮೀರಿದ್ದ ಜನ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿದ್ದರು. ಕೋಲಾರ ಭಾಗ ಅತಿ ಹೆಚ್ಚು ನರಳಿದ ಪ್ರದೇಶಗಳಲ್ಲೊಂದು. ಆಗ ಸರ್ಕಾರಿ ನೆರವು ಎಂದರೆ ಗಂಜಿ ಕೇಂದ್ರ, ಇಲ್ಲವೇ ಕೂಲಿ ಕಾಮಗಾರಿ: ಕಲ್ಲು ಒಡೆಯುವುದು, ರಸ್ತೆ ಹಾಕುವುದು, ಕೆರೆ ಹೂಳು ತೆಗೆಯುವುದು. ಬೆಳೆ ಹೋದವನ ಕೈಗೆ ಹಣ ಕೊಡುವ ಯೋಚನೆ ಆಡಳಿತದ ತಲೆಯಲ್ಲಿರಲಿಲ್ಲ. ಆ ಬರದ ನಂತರ ಕ್ಷಾಮ ಆಯೋಗ ಕೂತು, 1880ರಲ್ಲಿ ವರದಿ ಕೊಟ್ಟು, ಅದರ ಮೇಲೆ ಕ್ಷಾಮ ಸಂಹಿತೆಗಳು ರಚನೆಯಾದವು. ಬ್ರಿಟಿಷ್ ಭಾರತದಲ್ಲಿ 1883 ಮತ್ತು 1884ರ ಕಾಯ್ದೆಗಳು ತಕ್ಕಾವಿ ಸಾಲಕ್ಕೆ ದಾರಿ ಮಾಡಿದವು. ಎತ್ತು ಕೊಳ್ಳಲು, ಬಾವಿ ತೋಡಲು ಸರ್ಕಾರವೇ ಕೊಡುತ್ತಿದ್ದ ಈ ಸಾಲ ಮೈಸೂರಿನ ಹಳ್ಳಿಗಳಿಗೂ ಪರಿಚಿತವಾಯಿತು.

ರೈತನಿಗೆ ಮುಟ್ಟುತ್ತಿದ್ದ ಇನ್ನೊಂದು ನೆರವು ಕಂದಾಯ ಮಾಫಿ, ಅಥವಾ ವಸೂಲಿಯನ್ನು ಮುಂದೂಡುವುದು. ಅದಕ್ಕೆ ಆಧಾರ ಆಣೆವಾರಿ. ಹದಿನಾರಾಣೆ ಎಂದರೆ ಪೂರ್ಣ ಬೆಳೆ. ಎಷ್ಟಾಣೆ ಬಂದಿದೆ ಎಂದು ಶಾನುಭೋಗರು ಮತ್ತು ಮೇಲಿನ ಅಧಿಕಾರಿಗಳು ಹೊಲ ನೋಡಿ ಅಂದಾಜು ಕಟ್ಟುತ್ತಿದ್ದರು. ಕಣ್ಣಂದಾಜಿನ ಈ ಪದ್ಧತಿಯಲ್ಲಿ ಪಕ್ಷಪಾತಕ್ಕೆ ಬೇಕಾದಷ್ಟು ಜಾಗವಿತ್ತು, ನಿಜ. ಆದರೆ ನೋಡುವವನು ಹೊಲದ ಬದುವಿನ ಮೇಲೆ ನಿಂತಿರುತ್ತಿದ್ದ ಎಂಬುದೂ ನಿಜ.

ಈಗಿನ ನಿಧಿ ಮತ್ತು ದರ

ಒಂಬತ್ತನೇ ಹಣಕಾಸು ಆಯೋಗದ ಶಿಫಾರಸಿನಂತೆ 1990ರಲ್ಲಿ ವಿಪತ್ತು ಪರಿಹಾರ ನಿಧಿ ಬಂತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅಡಿಯಲ್ಲಿ, 2010ರಿಂದ, ಅದರ ಜಾಗಕ್ಕೆ ರಾಜ್ಯ ವಿಪತ್ತು ಪರಿಹಾರ ನಿಧಿ ಮತ್ತು ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿ ಬಂದವು. ಬಳಕೆಯ ಮಾತಿನಲ್ಲಿ ಇವು ಎಸ್‌ಡಿಆರ್‌ಎಫ್ ಮತ್ತು ಎನ್‌ಡಿಆರ್‌ಎಫ್. ಕರ್ನಾಟಕದಂಥ ರಾಜ್ಯಗಳ ಎಸ್‌ಡಿಆರ್‌ಎಫ್‌ಗೆ ಕೇಂದ್ರ 75 ಪಾಲು ಹಾಕಿದರೆ ರಾಜ್ಯ 25 ಪಾಲು ಹಾಕುತ್ತದೆ. ಹಾನಿ ತೀವ್ರವಾಗಿದ್ದು ಈ ನಿಧಿ ಸಾಲದಾದಾಗ ರಾಜ್ಯ ಮನವಿ ಪತ್ರ ಸಲ್ಲಿಸಬೇಕು; ಕೇಂದ್ರದ ಅಂತರ ಸಚಿವಾಲಯ ತಂಡ ಬಂದು ನೋಡಬೇಕು; ಉನ್ನತಾಧಿಕಾರ ಸಮಿತಿ ಒಪ್ಪಬೇಕು. ಇಷ್ಟು ಮೆಟ್ಟಿಲು ಹತ್ತಿಳಿಯುವಷ್ಟರಲ್ಲಿ ಮುಂದಿನ ಮುಂಗಾರು ಬಾಗಿಲಿಗೆ ಬಂದಿರುತ್ತದೆ.

ದರಗಳನ್ನು ಕೇಂದ್ರ ಗೃಹ ಸಚಿವಾಲಯ ನಿಗದಿ ಮಾಡುತ್ತದೆ. 2022–23ರಿಂದ 2025–26ರ ಅವಧಿಗೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500, ಹಿಪ್ಪುನೇರಳೆಗೆ 6,000. ಇದಕ್ಕೂ ಹಿಂದಿನ ಅವಧಿಯಲ್ಲಿ ಮೊದಲ ಮೂರು ದರ ಕ್ರಮವಾಗಿ 6,800, 13,500 ಮತ್ತು 18,000 ಇತ್ತು. ಒಬ್ಬ ರೈತನಿಗೆ ಗರಿಷ್ಠ 2 ಹೆಕ್ಟೇರ್, ಅಂದರೆ ಸುಮಾರು 4 ಎಕರೆ 38 ಗುಂಟೆಯವರೆಗೆ ಮಾತ್ರ. ಬೆಳೆ ಹಾನಿ ಶೇ. 33 ಅಥವಾ ಹೆಚ್ಚಿರಬೇಕು. 2015ರವರೆಗೆ ಈ ಮಿತಿ ಶೇ. 50 ಇತ್ತು. ಖುಷ್ಕಿ, ತರಿ, ಬಾಗಾಯ್ತು ಎಂಬ ಹಳೆಯ ಕಂದಾಯ ವಿಂಗಡಣೆಯೇ ಬಟ್ಟೆ ಬದಲಿಸಿ ಇಲ್ಲಿ ಕೂತಿದೆ.

ಲೆಕ್ಕವನ್ನು ಊರಿನ ಅಳತೆಗೆ ತಂದರೆ ಚಿತ್ರ ಸ್ಪಷ್ಟವಾಗುತ್ತದೆ. ಮಳೆಯಾಶ್ರಿತ ದರ ಎಕರೆಗೆ ಸುಮಾರು 3,440 ರೂಪಾಯಿ, ಗುಂಟೆಗೆ 86. ಮೂವತ್ತು ಗುಂಟೆ ರಾಗಿ ಒಣಗಿದವನಿಗೆ 2,580 ರೂಪಾಯಿ. ಎರಡು ಬಾರಿ ಟ್ರ್ಯಾಕ್ಟರ್ ಉಳುಮೆ, ಬೀಜ, ಒಂದು ಮೂಟೆ ಗೊಬ್ಬರ ಎನ್ನುವಷ್ಟರಲ್ಲಿ ಅದು ಮುಗಿಯುತ್ತದೆ. ಇನ್‌ಪುಟ್ ಸಬ್ಸಿಡಿ ಎಂಬ ಮಾತಿಗೆ ರಾಗಿಯ ಮಟ್ಟಿಗೆ ಅಷ್ಟಿಷ್ಟು ಅರ್ಥವಿದೆ ಎನ್ನಬಹುದು. ಟೊಮೆಟೊ ವಿಷಯದಲ್ಲಿ ಅದೂ ಇಲ್ಲ. ನೀರಾವರಿ ದರ ಎಕರೆಗೆ 6,880 ರೂಪಾಯಿ. ನಾರು, ಕಡ್ಡಿ, ಹಂಬು ಕಟ್ಟುವ ದಾರ, ಮಲ್ಚಿಂಗ್ ಹಾಳೆ, ಡ್ರಿಪ್, ಔಷಧಿ, ಕೂಲಿ ಎಲ್ಲ ಸೇರಿದರೆ ಒಂದೆಕರೆಯ ಖರ್ಚು ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. ರಾಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ದರಪಟ್ಟಿ ಟೊಮೆಟೊ ಸೀಮೆಯ ಮೇಲೆ ಕೂತಿದೆ.

ರಾಜ್ಯ ತನ್ನ ಬೊಕ್ಕಸದಿಂದ ಹೆಚ್ಚುವರಿ ಸೇರಿಸಿದ ಸಂದರ್ಭಗಳೂ ಇವೆ. 2021ರ ನವೆಂಬರ್‌ನಲ್ಲಿ, ರಾಗಿ ಕೊಯ್ಲಿನ ಹೊತ್ತಿಗೆ, ಎಡೆಬಿಡದೆ ಮಳೆ ಸುರಿಯಿತು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ತೆನೆಯಲ್ಲೇ ರಾಗಿ ಮೊಳೆಯಿತು, ತರಕಾರಿ ಕೊಳೆಯಿತು, ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹರಿದವು. ಬರದ ಜಿಲ್ಲೆಗೆ ಅತಿವೃಷ್ಟಿ ಪರಿಹಾರ ಕೊಡಬೇಕಾದ ವಿಚಿತ್ರ ಸನ್ನಿವೇಶ ಅದು. ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದೇ ಡಿಸೆಂಬರ್‌ನಲ್ಲಿ ಮಳೆಯಾಶ್ರಿತ ದರವನ್ನು 13,600ಕ್ಕೆ, ನೀರಾವರಿ ದರವನ್ನು 25,000ಕ್ಕೆ, ಬಹುವಾರ್ಷಿಕ ದರವನ್ನು 28,000ಕ್ಕೆ ಏರಿಸುವುದಾಗಿ ಬೆಳಗಾವಿ ಅಧಿವೇಶನದಲ್ಲಿ ಪ್ರಕಟಿಸಿದರು. 2025ರಲ್ಲಿ ಉತ್ತರ ಕರ್ನಾಟಕದ ಪ್ರವಾಹದ ನಂತರ ಸಿದ್ದರಾಮಯ್ಯ ಸರ್ಕಾರ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿ ಘೋಷಿಸಿತು. ಎರಡು ಸಲವೂ ಕೈ ಬಿಚ್ಚಿದ್ದು ನೀರು ಹೆಚ್ಚಾದಾಗ. ಪ್ರವಾಹವನ್ನು ಕ್ಯಾಮೆರಾದಲ್ಲಿ ತೋರಿಸುವುದು ಸುಲಭ; ಕಾಳು ಕಟ್ಟದ ನೆಲಗಡಲೆಯನ್ನು ತೋರಿಸುವುದು ಕಷ್ಟ.

ಬರವೆಂದು ಸಾರುವ ಬಗೆ

ಆಲಿಕಲ್ಲು ಅಥವಾ ಅತಿವೃಷ್ಟಿಯಾದರೆ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳು ಜಂಟಿ ಸಮೀಕ್ಷೆ ನಡೆಸಿ ಸರ್ವೆ ನಂಬರ್ ಹಿಡಿದು ಪಟ್ಟಿ ಮಾಡುತ್ತವೆ. ಬರಕ್ಕೆ ಹಾಗಲ್ಲ. ಮೊದಲು ಇಡೀ ತಾಲ್ಲೂಕು ಬರಪೀಡಿತ ಎಂದು ಘೋಷಣೆಯಾಗಬೇಕು. ಸ್ವರಾಜ್ ಅಭಿಯಾನ ಎಂಬ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2016ರ ಮೇ ತಿಂಗಳಲ್ಲಿ ಕೊಟ್ಟ ತೀರ್ಪಿನ ನಂತರ ಕೇಂದ್ರ ಸರ್ಕಾರ ಅದೇ ವರ್ಷ ಹೊಸ ಬರ ನಿರ್ವಹಣಾ ಕೈಪಿಡಿ ತಂದಿತು. ಅದರ ಪ್ರಕಾರ ಮಳೆ ಕೊರತೆ ಅಥವಾ ಮೂರು ವಾರಕ್ಕೂ ಮೀರಿದ ಒಣ ಹವೆ ಮೊದಲ ಮೆಟ್ಟಿಲು. ಆಮೇಲೆ ಬಿತ್ತನೆಯಾದ ವಿಸ್ತೀರ್ಣ, ಉಪಗ್ರಹ ತೋರಿಸುವ ಹಸಿರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲದ ಮಟ್ಟ. ಕೊನೆಗೆ ಆಯ್ದ ಹಳ್ಳಿಗಳಲ್ಲಿ ಹೊಲಕ್ಕೆ ಹೋಗಿ ತಾಳೆ ನೋಡುವುದು. ಇಷ್ಟೆಲ್ಲ ದಾಟಿ ‘ತೀವ್ರ’ ಎನ್ನಿಸಿಕೊಂಡ ಬರಕ್ಕೆ ಮಾತ್ರ ಎನ್‌ಡಿಆರ್‌ಎಫ್ ಬಾಗಿಲು ತೆರೆಯುತ್ತದೆ. ‘ಸಾಧಾರಣ’ ಎನ್ನಿಸಿಕೊಂಡರೆ ರಾಜ್ಯವೇ ನೋಡಿಕೊಳ್ಳಬೇಕು.

ಮಳೆ ಅಳೆಯುವುದರಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಶುರುವಾಗಿ ಈಗ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕ ನೆಟ್ಟಿದೆ. ಪಂಚಾಯಿತಿ ಮಟ್ಟದಲ್ಲಿ ಅಳೆದ ಮಳೆಯನ್ನು ಬರ ಘೋಷಣೆಗೆ ತಾಲ್ಲೂಕು ಮಟ್ಟದಲ್ಲಿ ಕೂಡಿಸಿ ನೋಡುವುದರಿಂದ ಆ ನಿಖರತೆ ಅರ್ಧ ದಾರಿಯಲ್ಲೇ ಕರಗುತ್ತದೆ. ಗುಡುಗು ಮಳೆಯ ಈ ಸೀಮೆಯಲ್ಲಿ ಬೆಟ್ಟದ ಒಂದು ಮಗ್ಗುಲು ನೆನೆದು ಇನ್ನೊಂದು ಮಗ್ಗುಲು ಒಣಗಿರುವುದು ಯಾರಿಗೂ ಹೊಸದಲ್ಲ.

ಉಪಗ್ರಹದ ಹಸಿರು ಇನ್ನೊಂದು ತಕರಾರು. 2023ರಲ್ಲಿ ರಾಜ್ಯ ಸರ್ಕಾರ ಕೇಂದ್ರದ ಮುಂದೆ ‘ಹಸಿರು ಬರ’ದ ಮಾತೆತ್ತಿತು: ಬಿತ್ತನೆಯಾಗಿದೆ, ಗಿಡ ಹಸಿರಾಗಿದೆ, ಕಾಳು ಮಾತ್ರ ಕಟ್ಟಿಲ್ಲ. ನೆಲಗಡಲೆ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೂಬಿಟ್ಟು ಊಡು ಇಳಿಯುವ ಹೊತ್ತಿಗೆ ನೆಲ ಗಟ್ಟಿಯಾದರೆ ಬಳ್ಳಿ ನಳನಳಿಸುತ್ತಲೇ ಇರುತ್ತದೆ, ಕಿತ್ತರೆ ಬುಡದಲ್ಲಿ ಏನೂ ಇರುವುದಿಲ್ಲ.

ತಾಲ್ಲೂಕು ಗಡಿಯ ಮಾತಿಗೆ ಮರಳಿದರೆ, ಅಮೆರಿಕದಲ್ಲೂ ಬರ ನೆರವಿನ ಘಟಕ ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನಂತೆ ಒಂದು ಆಡಳಿತ ಗಡಿಯೇ. ಅದನ್ನು ಕೌಂಟಿ ಎನ್ನುತ್ತಾರೆ. ಪ್ರತಿ ಗುರುವಾರ ಹೊರಬೀಳುವ ಬರ ನಕ್ಷೆಯಲ್ಲಿ ಬೆಳೆಗಾಲದ ಎಂಟು ವಾರ ಸತತವಾಗಿ ತೀವ್ರ ಬರ ಕಂಡ ಕೌಂಟಿಗೆ ತುರ್ತು ಸಾಲದ ಅರ್ಹತೆ ತಾನಾಗಿ ಸಿಗುತ್ತದೆ. ಅದಕ್ಕೆ ತಾಗಿದ ಕೌಂಟಿಗಳಿಗೂ ಆ ಅರ್ಹತೆ ಹರಿಯುತ್ತದೆ. ಮನವಿ ಪತ್ರ, ತಂಡದ ಭೇಟಿಗಳ ಕಾಯುವಿಕೆ ಅಲ್ಲಿಲ್ಲ. ಗಡಿಯಾಚೆಗೂ ಬರ ಹರಡಿರುತ್ತದೆ ಎಂಬುದನ್ನು ನಿಯಮವೇ ಒಪ್ಪಿಕೊಂಡಿರುವುದು ಗಮನಿಸಬೇಕಾದ ಅಂಶ.

2023–24

ಆ ವರ್ಷದ ಬರ ಈ ವ್ಯವಸ್ಥೆಯ ಎಲ್ಲ ಕೀಲುಗಳನ್ನೂ ಬಯಲಿಗೆ ತಂದಿತು. 2023ರ ಸೆಪ್ಟೆಂಬರ್ 13ರಂದು ರಾಜ್ಯ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿತು. ಮುಂದೆ ಪಟ್ಟಿ ಬೆಳೆದು 236ರಲ್ಲಿ 223ಕ್ಕೆ ಮುಟ್ಟಿತು. 48 ಲಕ್ಷ ಹೆಕ್ಟೇರಿಗೂ ಹೆಚ್ಚಿನ ಬೆಳೆ ಹಾಳಾಗಿ 35,162 ಕೋಟಿ ರೂಪಾಯಿ ನಷ್ಟವಾಗಿದೆ ಎಂಬುದು ರಾಜ್ಯದ ಅಂದಾಜು. ನಿಯಮದಂತೆ ಕೇಳಿದ್ದು 18,171.44 ಕೋಟಿ, ಅದರಲ್ಲಿ ಇನ್‌ಪುಟ್ ಸಬ್ಸಿಡಿಯ ಪಾಲು 4,663.12 ಕೋಟಿ. ಅಕ್ಟೋಬರ್‌ನಲ್ಲಿ ಕೇಂದ್ರ ತಂಡ 13 ಜಿಲ್ಲೆ ಸುತ್ತಿ ಹೋಯಿತು. ಹಣ ಬರಲಿಲ್ಲ.

ಕಾದು ಕಾದು ರಾಜ್ಯ 2024ರ ಜನವರಿಯಿಂದ ಮೊದಲ ಕಂತೆಂದು ರೈತನಿಗೆ ಗರಿಷ್ಠ 2,000 ರೂಪಾಯಿ ಹಾಕಿತು. ಸುಮಾರು 33 ಲಕ್ಷ ರೈತರಿಗೆ ಅದು ತಲುಪಿತು. ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಕೇಂದ್ರದ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಬರ ಪರಿಹಾರಕ್ಕಾಗಿ ಒಂದು ರಾಜ್ಯ ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದದ್ದು ಒಕ್ಕೂಟ ವ್ಯವಸ್ಥೆಗೆ ಶೋಭೆಯ ಸಂಗತಿಯಲ್ಲ. ಏಪ್ರಿಲ್ ಕೊನೆಯಲ್ಲಿ, ಲೋಕಸಭಾ ಚುನಾವಣೆಯ ನಡುವೆ, ಕೇಂದ್ರ 3,454 ಕೋಟಿ ರೂಪಾಯಿ ಕೊಡಲು ಒಪ್ಪಿತು. ಮೇ ತಿಂಗಳಲ್ಲಿ ಮೊದಲ ಕಂತನ್ನು ಕಳೆದು ಉಳಿದ ಮೊತ್ತ ಖಾತೆಗಳಿಗೆ ಬಂತು. ಅಷ್ಟರಲ್ಲಿ ಪೂರ್ವ ಮುಂಗಾರು ಶುರುವಾಗಿತ್ತು. ಬೇಡಿಕೆಯ ದೊಡ್ಡ ಪಾಲಾಗಿದ್ದ 12,577 ಕೋಟಿ, ಅಂದರೆ ಜೀವನಾಧಾರ ಕಳೆದುಕೊಂಡ ಕುಟುಂಬಗಳ ನೆರವು, ತಕರಾರಾಗಿಯೇ ಉಳಿಯಿತು.

ಈ ಜಗಳದೊಳಗೆ ಇನ್ನೊಂದು ಸಣ್ಣ ಜಗಳವಿತ್ತು. ಸಣ್ಣ, ಅತಿ ಸಣ್ಣ ರೈತರೆಷ್ಟು ಎಂಬುದಕ್ಕೆ ಕೇಂದ್ರ 2015–16ರ ಕೃಷಿ ಗಣತಿ ಹಿಡಿದಿತ್ತು. ಅಷ್ಟು ಹಳೆಯ ಅಂಕಿ ಬೇಡ, ರೈತರ ನೋಂದಣಿಯಿರುವ ನಮ್ಮ ಫ್ರೂಟ್ಸ್ ದತ್ತಾಂಶ ನೋಡಿ ಎಂದು ಕಂದಾಯ ಸಚಿವ ಕೃಷ್ಣ ಬೈರೇಗೌಡ ವಾದಿಸಿದರು. ಹಿಡುವಳಿ ತಲೆಮಾರಿಗೊಮ್ಮೆ ಒಡೆಯುವ ಈ ಸೀಮೆಯಲ್ಲಿ ಎಂಟು ವರ್ಷ ಹಳೆಯ ಎಣಿಕೆಯ ಬೆಲೆ ಎಷ್ಟೆಂದು ಯಾವುದೇ ನಾಡಕಚೇರಿಯ ಮುಂದಿನ ಸಾಲು ಹೇಳುತ್ತದೆ.

ಹಣ ಖಾತೆಗೆ ಬರುವ ದಾರಿ

ಒಂದು ಕಾಲಕ್ಕೆ ಚೆಕ್ಕು ಹಂಚುವ ಸಮಾರಂಭ, ಶಾಸಕರ ಭಾಷಣ, ಮಧ್ಯವರ್ತಿಯ ಪಾಲು ಇದ್ದವು. ಈಗ ಪಹಣಿಗಳ ‘ಭೂಮಿ’ ದತ್ತಾಂಶಕ್ಕೆ ಹೊಂದಿಕೊಂಡ ‘ಪರಿಹಾರ’ ತಂತ್ರಾಂಶದಿಂದ ಆಧಾರ್ ಜೋಡಣೆಯಾದ ಖಾತೆಗೆ ಹಣ ನೇರವಾಗಿ ಹೋಗುತ್ತದೆ. ರೈತನಿಗೆ ಫ್ರೂಟ್ಸ್ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಇರಬೇಕು. ಅದರಲ್ಲಿ ಅವನ ಎಲ್ಲ ಸರ್ವೆ ನಂಬರುಗಳೂ ಸೇರಿರಬೇಕು. ಯಾವ ನಂಬರಿನಲ್ಲಿ ಯಾವ ಬೆಳೆ ಎಂಬುದನ್ನು ಮೊಬೈಲ್ ಆ್ಯಪ್‌ನ ಬೆಳೆ ಸಮೀಕ್ಷೆ ಹೇಳುತ್ತದೆ. ಅದನ್ನು ರೈತನೇ ಮಾಡಬಹುದು, ಇಲ್ಲವೇ ಇಲಾಖೆ ನೇಮಿಸಿದ ಊರಿನ ಯುವಕ ಮಾಡುತ್ತಾನೆ. 2023–24ರಲ್ಲಿ ರೈತ ಅರ್ಜಿಯನ್ನೇ ಹಾಕಬೇಕಾಗಿರಲಿಲ್ಲ. ಇದು ಸಣ್ಣ ಸುಧಾರಣೆಯಲ್ಲ. ಲಂಚದ ಒಂದು ಇಡೀ ಸರಪಳಿಯೇ ಇದರಿಂದ ಕಡಿದುಹೋಗಿದೆ.

ಆದರೆ ಹಣ ತಡೆದುಕೊಳ್ಳುವ ಜಾಗ ಬದಲಾಗಿದೆ ಅಷ್ಟೇ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದ್ದರೆ, ಪೌತಿ ಖಾತೆ ಆಗುವವರೆಗೆ ಮೊಮ್ಮಗ ತಂತ್ರಾಂಶಕ್ಕೆ ರೈತನೇ ಅಲ್ಲ. 2025ರಲ್ಲಿ ಕಂದಾಯ ಇಲಾಖೆ ಇ-ಪೌತಿ ಆಂದೋಲನ ಹೂಡಲು ಇಂಥ ಪಹಣಿಗಳೇ ಕಾರಣ. ಜಂಟಿ ಖಾತೆಯಲ್ಲಿ ಅಣ್ಣತಮ್ಮಂದಿರ ವಿಸ್ತೀರ್ಣ ಬೇರೆಯಾಗಿರುವುದಿಲ್ಲ. ಆಧಾರಿನ ಹೆಸರಿಗೂ ಪಹಣಿಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಾದರೂ ಹಣ ನಿಲ್ಲುತ್ತದೆ. ಅಕ್ಕಡಿ ಹೊಲವನ್ನು ಒಂದೇ ಬೆಳೆಯೆಂದು, ಕೊಳವೆ ಬಾವಿ ಬತ್ತಿದ ಜಮೀನನ್ನು ಬೀಳೆಂದು ನಮೂದಿಸಿದರೆ ಅದರಂತೆಯೇ ಲೆಕ್ಕ. ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನಮೂದು ನೋಡಿ ಆಕ್ಷೇಪಣೆ ಸಲ್ಲಿಸಬಹುದು, ಆದರೆ ಹೆಚ್ಚಿನವರಿಗೆ ತಪ್ಪು ಗೊತ್ತಾಗುವುದು ಹಣ ಬಾರದಿದ್ದಾಗ. ಹಣ ಬಂದ ಮೇಲೂ ಬ್ಯಾಂಕು ಅದನ್ನು ಹಳೆಯ ಸಾಲಕ್ಕೆ ಜಮಾ ಮಾಡಿಕೊಂಡ ದೂರುಗಳು 2024ರ ಮೇ ತಿಂಗಳಲ್ಲಿ ರಾಜ್ಯದ ಹಲವೆಡೆ ಎದ್ದು, ಹಾಗೆ ಮಾಡಬಾರದೆಂದು ಸರ್ಕಾರ ಸೂಚಿಸಬೇಕಾಯಿತು.

ಈ ದಾರಿಯಲ್ಲಿ ಹೆಜ್ಜೆಯನ್ನೇ ಇಡಲಾಗದವರು ಗುತ್ತಿಗೆ ರೈತರು. 1974ರ ಭೂಸುಧಾರಣೆ ಗೇಣಿಯನ್ನು ಕಾನೂನಿನಿಂದ ಅಳಿಸಿತು, ಹೊಲದಿಂದ ಅಳಿಸಲಿಲ್ಲ. ಟೊಮೆಟೊಗೆ, ಹೂವಿಗೆ ಜಮೀನನ್ನು ಬಾಯಿಮಾತಿನಲ್ಲಿ ಗುತ್ತಿಗೆಗೆ ಹಿಡಿಯುವುದು, ರಾಗಿಗೆ ಪಾಲಿನ ಲೆಕ್ಕದಲ್ಲಿ ವಾರಕ್ಕೆ ಮಾಡುವುದು ಎಲ್ಲ ಕಡೆ ನಡೆಯುತ್ತದೆ. ಪತ್ರ ಬರೆದುಕೊಟ್ಟರೆ ಜಮೀನು ಕೈಬಿಡುವ ಭಯ ಮಾಲೀಕನಿಗೆ. ಹಾಗಾಗಿ ಖರ್ಚು ಮಾಡಿ ಬೆಳೆ ಕಳೆದುಕೊಂಡವನು ಒಬ್ಬ, ಪರಿಹಾರ ಬೀಳುವ ಖಾತೆ ಇನ್ನೊಬ್ಬನದು. ಬೆಂಗಳೂರಿನಲ್ಲಿ ಕೂತ ಪಹಣಿದಾರನಿಗೆ ತನ್ನ ಹೊಲದಲ್ಲಿ ಯಾವ ಬೆಳೆಯಿತ್ತು ಎಂಬುದು ಬ್ಯಾಂಕಿನ ಸಂದೇಶ ಬಂದಾಗ ತಿಳಿಯುವುದೂ ಉಂಟು.

ವಿಮೆ

2016ರ ಮುಂಗಾರಿನಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಜಾರಿಯಲ್ಲಿದೆ. ರೈತನ ಪಾಲಿನ ಕಂತು ಮುಂಗಾರಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗೆ ಶೇ. 5. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ ಘಟಕ. ಹೋಬಳಿ ಘಟಕವಾದ ಬೆಳೆಗೆ ಅಂಬಾಜಿದುರ್ಗ ಹೋಬಳಿಯ ಒಟ್ಟು ಸರಾಸರಿ ಇಳುವರಿ ಕುಸಿದರೆ ಎಲ್ಲರಿಗೂ ಹಣ, ಕುಸಿಯದಿದ್ದರೆ ಯಾರಿಗೂ ಇಲ್ಲ. ಆ ಸರಾಸರಿಯನ್ನು ಬೆಳೆ ಕಟಾವು ಪ್ರಯೋಗದಿಂದ ಪಡೆಯುತ್ತಾರೆ. ಹೋಲಿಸುವ ಮಟ್ಟ ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿಯಿಂದ ಬರುತ್ತದೆ. ಏಳರಲ್ಲಿ ನಾಲ್ಕೈದು ವರ್ಷ ಬರವೇ ಕಂಡ ಊರಿನಲ್ಲಿ ಆ ಮಟ್ಟವೂ ತಗ್ಗಿರುತ್ತದೆ, ಅದರಿಂದ ಕೆಳಗೆ ಬೀಳುವುದೇ ಕಷ್ಟವಾಗುತ್ತದೆ. ಆಲಿಕಲ್ಲಿನಂಥ ಸ್ಥಳೀಯ ಹಾನಿಯನ್ನು ಮಾತ್ರ ಹೊಲವಾರು ನೋಡುತ್ತಾರೆ, 72 ಗಂಟೆಯೊಳಗೆ ತಿಳಿಸಬೇಕೆಂಬ ಷರತ್ತಿನ ಮೇಲೆ.

ಬೆಲೆ ಮತ್ತು ನೀರು

ಟೊಮೆಟೊ ಬೆಲೆ ಬಿದ್ದು ರಸ್ತೆ ಬದಿಗೆ ಸುರಿಯುವ ವರ್ಷ ಬೆಳೆಗಾರನ ನಷ್ಟ ಬರದ್ದಕ್ಕಿಂತ ಕಡಿಮೆಯೇನಲ್ಲ, ಆದರೆ ವಿಪತ್ತಿನ ಪಟ್ಟಿಯಲ್ಲಿ ಬೆಲೆ ಕುಸಿತ ಇಲ್ಲ. ಈ ಗೆರೆ ಒಮ್ಮೆ ಸಡಿಲವಾದದ್ದು ಕೋವಿಡ್ ಕಾಲದಲ್ಲಿ. ದೇವಸ್ಥಾನ, ಮದುವೆ, ಸಂತೆ ಎಲ್ಲ ನಿಂತು ಹೂವು ಗಿಡದಲ್ಲೇ ಉದುರಿದಾಗ, 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಘೋಷಿಸಿತು, ಒಂದು ಹೆಕ್ಟೇರಿನ ಮಿತಿಯಲ್ಲಿ. ಬೆಳೆ ಚೆನ್ನಾಗಿಯೇ ಇತ್ತು, ಕೊಳ್ಳುವವರು ಇರಲಿಲ್ಲ. ಮಾರುಕಟ್ಟೆಯ ವಿಪತ್ತಿಗೂ ಪರಿಹಾರ ಕೊಡಲು ಆಡಳಿತಕ್ಕೆ ಬರುತ್ತದೆ ಎಂಬುದಕ್ಕೆ ಚಿಕ್ಕಬಳ್ಳಾಪುರದ ಸೇವಂತಿಗೆ, ಗುಲಾಬಿ ತೋಟಗಳೇ ಸಾಕ್ಷಿ.

ನೀರಿನ ವಿಷಯದಲ್ಲಿ ಅಂಥ ಸಡಿಲಿಕೆ ಇದುವರೆಗೆ ಆಗಿಲ್ಲ. ಅಂತರ್ಜಲ ಅತಿಯಾಗಿ ಬಳಕೆಯಾದ ಪ್ರದೇಶಗಳ ಪಟ್ಟಿಯಲ್ಲಿ ಈ ಜಿಲ್ಲೆ ಬಹುಕಾಲದಿಂದ ಇದೆ. ಬರದ ವರ್ಷ ಇಲ್ಲಿ ರೈತ ಮಾಡುವ ಮೊದಲ ಕೆಲಸ ಇನ್ನೊಂದು ಬೋರು ಕೊರೆಸುವುದು. ಸಾಲ ಹುಟ್ಟುವುದೂ ಆಗಲೇ. ಕೇಂದ್ರದ ದರಪಟ್ಟಿಯಲ್ಲಿ ಹೂಳು ತುಂಬಿದ ಜಮೀನಿಗೆ ಹಣವಿದೆ, ಕೊಚ್ಚಿಹೋದ ಜಮೀನಿಗೆ ಹಣವಿದೆ, ಸತ್ತ ಹಸುವಿಗೆ, ಕುರಿಗೆ, ಕೋಳಿಗೆ ಹಣವಿದೆ. ಬತ್ತಿದ ನೀರಾವರಿ ಕೊಳವೆ ಬಾವಿಗೆ ಒಂದು ಸಾಲೂ ಇಲ್ಲ. ಮೂರು ಬೋರು ಕೊರೆಸಿ ಫೇಲಾಗಿ ಆ ವರ್ಷ ಏನನ್ನೂ ನೆಡದವನು ಬೆಳೆ ಕಳೆದುಕೊಂಡವನೂ ಅಲ್ಲ, ಬಿತ್ತನೆಯನ್ನೇ ಮಾಡಿಲ್ಲವಲ್ಲ.

ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಈಗ ಜಿಲ್ಲೆಯ ಕೆಲವು ಕೆರೆಗಳಿಗೆ ಹರಿಯುತ್ತಿದೆ. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತ ಬೇಕು ಎಂಬ ಬೇಡಿಕೆಯನ್ನು ಶಾಶ್ವತ ನೀರಾವರಿ ಹೋರಾಟಗಾರರು ಬಿಟ್ಟಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಬಳಿ ಮೊದಲ ಹಂತ ಉದ್ಘಾಟನೆಯಾದ ಎತ್ತಿನಹೊಳೆ ಯೋಜನೆಯ ನೀರಿನ ನಿರೀಕ್ಷೆ ಬೇರೆ ಇದೆ. ಈ ಯೋಜನೆಗಳ ಖರ್ಚು ನೀರಾವರಿ ಇಲಾಖೆಯ ಲೆಕ್ಕಕ್ಕೆ ಹೋಗುತ್ತದೆ, ಪರಿಹಾರದ ಖರ್ಚು ಕಂದಾಯ ಇಲಾಖೆಯ ಲೆಕ್ಕಕ್ಕೆ. ಕೆರೆ ತುಂಬಿದ ಕಡೆ ಮುಂದಿನ ಬರದಲ್ಲಿ ಪರಿಹಾರದ ಪಟ್ಟಿ ಎಷ್ಟು ಕಿರಿದಾಗುತ್ತದೆ ಎಂದು ಎರಡು ಲೆಕ್ಕಗಳನ್ನೂ ಅಕ್ಕಪಕ್ಕ ಇಟ್ಟು ನೋಡುವ ಹೊಣೆ ಪರಿಹಾರದ ನಿಯಮ ಯಾರಿಗೂ ಒಪ್ಪಿಸಿಲ್ಲ.